ಎಲ್ಲರ ಪಾಲಿಗೂ ಒಂದು ಅವರೆಕಾಳು

ಅಭಿನಂದನ ಗ್ರಂಥಕ್ಕೆ ಬರೆಯುವವರು ಸನ್ಮಾನಿತರನ್ನು ಮೊದಲು ಅವರ ಕ್ಷೇತ್ರದ ನಡುವೆ ನಿಲ್ಲಿಸಿ, ಅನಂತರ ಅವರ ಎತ್ತರವನ್ನು ಅಳೆಯುವುದು ವಾಡಿಕೆ. ಶ್ರೀ ಚಿಕ್ಕಹನುಮಂತಪ್ಪ ಮೇಷ್ಟರ ವಿಷಯದಲ್ಲಿ ನನಗೆ ಆ ಅನುಕೂಲವಿಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಈ ಸೀಮೆಯಲ್ಲಿ ಫ್ರೆಂಚ್ ಎಂಬ ಕ್ಷೇತ್ರವೇ ಇರಲಿಲ್ಲ. ಇಲ್ಲದ ಹೊಲಕ್ಕೆ ಬದು ಹಾಕಿ, ಇಲ್ಲದ ಎತ್ತುಗಳನ್ನು ಹೂಡಿ, ಮೂವತ್ತೊಂದು ವರ್ಷ ಅದನ್ನು ಉತ್ತವರು ಅವರು. ಬೆಳೆ ಎಷ್ಟು ಬಂತೆಂದು ನಾನು ಅಳೆದಿಲ್ಲ. ಅವರೂ ಅಳೆದಿಲ್ಲ. ಸರಕಾರದ ಕಡತದಲ್ಲಿ ಅವರು ಇಂಗ್ಲಿಷ್ ಮತ್ತು ಸಮಾಜ ಪಾಠಗಳ ಸಹಶಿಕ್ಷಕರು. ಫ್ರೆಂಚ್ ಎನ್ನುವುದು ಶನಿವಾರ ಶಾಲೆ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ನಡೆಯುತ್ತಿದ್ದ ಸಂಗತಿ. ಕಡತಕ್ಕೆ ಅದರ ಗೊಡವೆ ಇರಲಿಲ್ಲ.

ಈ ಲೇಖನ ಬರೆಯಿರೆಂದು ಸಮಿತಿಯವರು ಕೇಳಿದಾಗ ನಾನು ಎರಡು ಬಾರಿ ಒಲ್ಲೆನೆಂದೆ. ವಯಸ್ಸಾಯಿತು, ಬೆರಳು ನೋಯುತ್ತದೆ ಎಂದೆ. ಬೆರಳು ನೋಯುವುದು ನಿಜ. ಆದರೆ ಒಲ್ಲೆನೆಂದದ್ದಕ್ಕೆ ಕಾರಣ ಅದಲ್ಲ, ಒಂದು ಲೋಟ ನೀರು. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ.

ಮೇಷ್ಟರು ಉಬ್ರಾಣಿಯವರು, ಊರ ಹೊರಗಿನ ಕೇರಿಯಲ್ಲಿ ಹುಟ್ಟಿ, ಚನ್ನಗಿರಿಗೆ ನಡೆದು ಓದಿ, ಎಸ್ಸೆಸ್ಸೆಲ್ಸಿ ದಾಟಿದ ಆ ಕೇರಿಯ ಮೊದಲಿಗರು. ಓದು ಮುಗಿದರೂ ಕೆಲಸವಿಲ್ಲದೆ ಕುಳಿತಿದ್ದ 1954ರ ಹೊತ್ತಿಗೆ, ಸೂಳೆಕೆರೆಯ ಏರಿಯನ್ನೂ ತೂಬುಗಳನ್ನೂ ಅಭ್ಯಾಸ ಮಾಡಲೆಂದು ಫ್ರಾನ್ಸ್ ದೇಶದ ಒಬ್ಬ ವಿದುಷಿ ಬಂದಿಳಿದರು. ಅವರ ಹೆಸರು ಸೊಲಾಂಜ್. ಕೆರೆಯ ಸುತ್ತಿನ ಹಳ್ಳಿಗಳ ಬಾಯಲ್ಲಿ ಸೊಲಾಂಜಮ್ಮ. ಅಳತೆಯ ಕೋಲು ಹಿಡಿಯಲು ಅವರಿಗೆ ಒಬ್ಬ ಓದು ಬಲ್ಲವನು ಬೇಕಿತ್ತು. ಒಂದೂವರೆ ವರ್ಷ ಕೋಲು ಹಿಡಿದು ಏರಿಯ ಮೇಲೆ ನಡೆದ ಚಿಕ್ಕಹನುಮಂತಪ್ಪನವರಿಗೆ ಆಕೆ ತಮ್ಮ ಭಾಷೆ ಕಲಿಸಿದರು; ಅವರಿಂದ ತಾವು ಕನ್ನಡ ಕಲಿತರು. ಮೇಷ್ಟರು ಒಮ್ಮೆ ನನಗೆ ಹೇಳಿದ್ದುಂಟು: "ಆಯಮ್ಮ ನನ್ನ ಹೆಸರು ಕೇಳಿದ್ರು, ಜಾತಿ ಕೇಳ್ಲಿಲ್ಲ ಪಂಡಿತ್ರೇ. ಕೇಳಿದ್ರೂ ಆ ಭಾಷೇಲಿ ಹೇಳಾಕೆ ನಂಗೆ ಪದ ಗೊತ್ತಿರ್ಲಿಲ್ಲ. ಈಗ್ಲೂ ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳಾಕೂ ಹೋಗಿಲ್ಲ."

ಜನವರಿಯ ಮೊದಲ ಭಾನುವಾರ ಆಕೆ ತಮ್ಮ ಬಿಡಾರದಲ್ಲಿ ಒಂದು ಸಿಹಿ ರೊಟ್ಟಿ ಮಾಡುತ್ತಿದ್ದರಂತೆ. ಅವರ ನಾಡಿನಲ್ಲಿ ಆ ದಿನಗಳಲ್ಲಿ ಮನೆಮನೆಯಲ್ಲೂ ಮಾಡುವಂಥದು. ಗೋಧಿ ಹಿಟ್ಟು, ಬೆಣ್ಣೆ, ಒಳಗೆ ಹೂರಣ. ಬಾದಾಮಿ ಸಿಗದ ಕಡೆ ಶೇಂಗಾ ಮತ್ತು ಬೆಲ್ಲ. ಕಬ್ಬಿಣದ ಬೋಗುಣಿಯಲ್ಲಿಟ್ಟು, ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ಹೂರಣದೊಳಗೆ ಒಂದೇ ಒಂದು ಕಾಳು ಅಡಗಿಸಿರುತ್ತಾರೆ. ಇಲ್ಲಿ ಅದು ಒಣಗಿದ ಅವರೆಕಾಳಾಯಿತು. ಕೂಡಿದವರಲ್ಲಿ ಎಲ್ಲರಿಗಿಂತ ಚಿಕ್ಕವರು ಗೋಡೆಗೆ ಮುಖ ಮಾಡಿ ಒಬ್ಬೊಬ್ಬರ ಹೆಸರು ಕೂಗಬೇಕು. ಹೆಸರು ಬಂದಂತೆ ಒಬ್ಬೊಬ್ಬರಿಗೆ ಒಂದೊಂದು ಪಾಲು. ಯಾರ ಬಾಯಿಗೆ ಕಾಳು ಸಿಗುತ್ತದೆಯೋ ಅವರು ಆ ದಿನದ ರಾಜ. ರಾಜನಾದವನು ಲೋಟಕ್ಕೆ ತುಟಿ ತಾಗಿಸಿ ಕುಡಿಯಬೇಕು, ಕುಡಿದ ಕೂಡಲೇ ಸುತ್ತಲಿದ್ದವರೆಲ್ಲ "ಲ ರ್ವಾ ಬ್ವಾ!" ಎಂದು ಕೂಗಬೇಕು. "ರಾಜ ಕುಡಿಯುತ್ತಾನೆ" ಎಂದು ಅದರ ಅರ್ಥ. ಇನ್ನೊಂದು ಕಟ್ಟಳೆ: ಬಂದವರ ಲೆಕ್ಕಕ್ಕಿಂತ ಒಂದು ಪಾಲು ಹೆಚ್ಚಿಗೆ ಕತ್ತರಿಸಿ, ಬಾರದವರಿಗೆ, ದಾರಿಹೋಕರಿಗೆ ಎತ್ತಿಡಬೇಕು.

ಇದನ್ನು ಮೊದಲು ಕೇಳಿದಾಗ ನನಗೆ ನಮ್ಮಜ್ಜಿಯ ಕಥೆಗಳ ನೆನಪಾಯಿತು. ಅವಳ ಕಥೆಗಳಲ್ಲಿ ಶಿವ ಯಾವಾಗಲೂ ಮನೆಯವರ ಊಟ ಮುಗಿದ ಮೇಲೆಯೇ ಬರುತ್ತಿದ್ದ, ಗಡಿಗೆಯ ತಳದಲ್ಲಿ ಏನಾದರೂ ಉಳಿಸಿದ್ದಾರೆಯೇ ಎಂದು ನೋಡಲು.

ಸೊಲಾಂಜಮ್ಮ ಹೊರಡುವಾಗ ಒಂದು ನಿಘಂಟು ಮತ್ತು ನೀಲಿ ಗಾಜಿನ ಒಂದು ದಪ್ಪ ಲೋಟ ಕೊಟ್ಟು ಹೋದರು. ಮೇಷ್ಟರ ಸೇವೆಯ ಎಲ್ಲ ವರ್ಗಾವಣೆಗಳಲ್ಲೂ ಮೊದಲು ಗಾಡಿಗೆ ಏರುತ್ತಿದ್ದುದು ಈ ಎರಡು. ಪಾತ್ರೆ ಪಡಗ ಅನಂತರ.

1958ರಲ್ಲಿ ಸೇವೆಗೆ ಸೇರಿದ ಅವರು ಹಳ್ಳಿಗಳ ಶಾಲೆಗಳನ್ನು ದಾಟಿ 1971ರಲ್ಲಿ ಜಗಳೂರಿಗೆ ಬಂದರು. ಅಲ್ಲಿ ಮೊದಲ ಬಾರಿಗೆ ಈ ಆಚರಣೆ ಮಾಡುವ ಧೈರ್ಯ ಮಾಡಿದರು. ಆ ವರ್ಷ ಎಲ್ಲರೂ ರೊಟ್ಟಿ ತಿಂದರು. ಯಾರಿಗೂ ಕಾಳು ಸಿಗಲಿಲ್ಲ. ರೊಟ್ಟಿ ಮಾಡಿದವರು ಮೇಷ್ಟರ ಪತ್ನಿ ಶ್ರೀಮತಿ ಅಂತರಘಟ್ಟಮ್ಮನವರು. ವಿಚಾರಿಸಿದರೆ, "ಹೂರಣದಾಗೆ ಬೇಯ್ದೇ ಇರೋ ಕಾಳೊಂದು ಉಳಿದಿತ್ತು, ಮಕ್ಕಳ ಹಲ್ಲಿಗೆ ಸಿಕ್ಕೀತು ಅಂತ ಆರ್ಸಿ ಬಿಸಾಕ್ದೆ. ತೆಪ್ಪೇನು?" ಎಂದರಂತೆ. ಆ ವರ್ಷ ಜಗಳೂರಿಗೆ ರಾಜನಿರಲಿಲ್ಲ.

ಫ್ರೆಂಚರ ನಾಡಹಬ್ಬ ಬರುವುದು ಜುಲೈನಲ್ಲಿ. ನಮಗದು ಆಷಾಢ, ಹೊಸದೇನನ್ನೂ ತೊಡಗಬಾರದ ಕಾಲ. ಹಿರಿಯರು ಬೇಡವೆಂದರು, ಮೇಷ್ಟರು ವಾದಿಸಲಿಲ್ಲ. ಆ ದಿನ ಶಾಲೆಯ ಅಂಗಳದಲ್ಲಿ ಮಕ್ಕಳಿಂದ ರಂಗೋಲಿ ಪುಡಿಯಲ್ಲಿ ಫ್ರಾನ್ಸಿನ ನಕಾಶೆ ಬರೆಸಿ ಸುಮ್ಮನಾಗುತ್ತಿದ್ದರು. ನೀರಿಗೆ ಹೋಗುವ ಹೆಂಗಸರು ಅದು ಯಾವುದೋ ದೇವರ ಮಂಡಲವೆಂದು ತುಳಿಯದೆ ಸುತ್ತಿಬಳಸಿ ಹೋಗುತ್ತಿದ್ದರು. ಅಲ್ಲವೆಂದು ಮೇಷ್ಟರು ಯಾರಿಗೂ ಹೇಳಲಿಲ್ಲ. ನಲ್ಲಿಯ ಬಳಿಯ ಅದೇ ಹೆಂಗಸರು ಕೆಲವು ವರ್ಷಗಳಲ್ಲಿ ನಮಸ್ಕಾರದ ಬದಲು "ಬೊಂಜೂರ್ರೀ ಮೇಷ್ಟ್ರೇ" ಎನ್ನುವಷ್ಟು ಕಲಿತಿದ್ದರು. "ಇದನ್ನ ಕಲಿತ್ರೆ ಏನ್ ಸಿಗ್ತೈತ್ರೀ?" ಎಂದು ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ: "ಏನೂ ಸಿಗಲ್ಲ. ಮಾತಾಡಾಕೆ ಇನ್ನೊಂದು ಬಾಯಿ ಸಿಗ್ತೈತೆ, ಅಷ್ಟೇಯ."

1975ರಲ್ಲಿ ಅವರು ನ್ಯಾಮತಿಗೆ ವರ್ಗವಾಗಿ ನಾನು ಕನ್ನಡ ಪಂಡಿತನಾಗಿದ್ದ ಪ್ರೌಢಶಾಲೆಗೆ ಬಂದರು. ಮರು ವರ್ಷ ನನಗೆ ವಿಷಮಶೀತ ಜ್ವರ ಬಂದು ಇಪ್ಪತ್ತಾರು ದಿನ ಹಾಸಿಗೆ ಹಿಡಿದೆ. ಅಷ್ಟು ದಿನವೂ ನನ್ನ ತರಗತಿಗಳನ್ನು ಅವರು ತೆಗೆದುಕೊಂಡರು. ರಜೆ ಕಡಿತವಾಗದಂತೆ ಮುಖ್ಯೋಪಾಧ್ಯಾಯರ ಬಳಿ ಮಾತಾಡಿದರು. ತಮಗೆ ಬಾರದ ಷಟ್ಪದಿಯ ಲಕ್ಷಣವನ್ನು ಕಲಿತು ಕಲಿಸಿದರು. ಪ್ರತಿ ಸಂಜೆ ನಮ್ಮ ಮನೆಯ ಜಗಲಿಗೆ ಬಂದು, ಆ ದಿನ ಎಷ್ಟು ಪದ್ಯ ಆಯಿತೆಂದು ಒಳಗೆ ಮಲಗಿದ್ದ ನನಗೆ ಕೇಳುವಂತೆ ಹೇಳಿ ಹೋಗುತ್ತಿದ್ದರು. ನನ್ನ ಹೆಂಡತಿ ಶಂಕ್ರಮ್ಮ ಅವರಿಗೆ ಕಾಫಿ ಕೊಡುತ್ತಿದ್ದಳು. ಆ ಲೋಟ ಬೇರೆ ಇತ್ತು, ಹೊರಗಿನ ಗೂಡಿನಲ್ಲಿರುತ್ತಿತ್ತು. ಕುಡಿದ ಮೇಲೆ ಅವರೇ ತೊಳೆದು ಬೋರಲು ಹಾಕಿ ಹೋಗುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ಜ್ವರ ಬಿಟ್ಟ ಮೇಲೂ ಆ ಲೋಟ ಅಲ್ಲೇ ಇತ್ತು. ಅದನ್ನು ಒಳಗೆ ತಾ ಎಂದು ನಾನು ಹೇಳಲಿಲ್ಲ. ದಿನವೂ ಅಂಗೈಯಲ್ಲಿ ಲಿಂಗ ಹಿಡಿದು ಕೂರುವವನು ನಾನು.

ನ್ಯಾಮತಿಯಲ್ಲಿ ರಾಜನ ರೊಟ್ಟಿ ನಿಜಕ್ಕೂ ಊರ ಹಬ್ಬವಾಯಿತು. ಮೊದಲೆರಡು ವರ್ಷ ಮಕ್ಕಳೇ ರಾಜರಾದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. 1978ರ ಜನವರಿಯಲ್ಲಿ, ಶಾಲಾ ಕಮಿಟಿಯ ಅಧ್ಯಕ್ಷರಾಗಿದ್ದ ಮಹೇಶ್ವರಪ್ಪನವರು ತಾವೂ ಬರುವುದಾಗಿ ಹೇಳಿ ನನ್ನನ್ನು ಕರೆಸಿದರು.

"ಪಂಡಿತ್ರೇ, ಆಟ ಚೆನ್ನಾಗೈತೆ. ಆದ್ರೆ ಪಂಕ್ತೀಲಿ ಭೀಮಕ್ಕಾನೂ ಕೂರ್ತಾಳಂತೆ. ಕಾಳು ಹೋಗಬಾರದ ಕಡೆ ಹೋದ್ರೆ ನಾನು ನಿಂತು ಜೈ ಅನ್ನಬೇಕಾ? ಬಡಿಸೋರು ನೀವೇ ಅಲ್ಲೇನ್ರೀ, ಸ್ವಲ್ಪ ನೋಡ್ಕಳ್ರಿ."

ಭೀಮಕ್ಕ ನಮ್ಮ ಶಾಲೆಯ ಕಸ ಗುಡಿಸುವ ಹೆಂಗಸು, ಮೇಷ್ಟರ ಜನದವಳೇ. ನಾನು ನೋಡಿಕೊಂಡೆ. ಆ ವರ್ಷ ರೊಟ್ಟಿ ಮಾಡುತ್ತಿದ್ದವರು ಹಾಸ್ಟೆಲಿನ ಅಡುಗೆಯ ಸಾವಂತ್ರಮ್ಮ, ನಮ್ಮವರೇ ಆದ ವಿಧವೆ. ಕಾಳಿರುವ ಪಾಲಿಗೆ ಒಂದು ಗುರುತು ಮಾಡಿ ಕೊಡಿ, ಅಧ್ಯಕ್ಷರಿಗೆ ಹಾಕುತ್ತೇನೆ ಎಂದೆ. ಆಕೆ ಶೇಂಗಾ ಕುಟ್ಟುತ್ತಲೇ ಇದ್ದರು.

ಅಂದು ಬೇವಿನ ಮರದ ಕೆಳಗೆ ನಲವತ್ತಮೂರು ಜನ. ಎಂಟನೇ ತರಗತಿಯ ಒಬ್ಬ ಹುಡುಗಿ ಮರಕ್ಕೆ ಮುಖ ಮಾಡಿ ಹೆಸರು ಕೂಗಿದಳು; ನಾನು ಬಡಿಸಿದೆ. ಯಾವ ಪಾಲಿನಲ್ಲೂ ಗುರುತು ಕಾಣಲಿಲ್ಲ. ಬೆವರುತ್ತ ಕೈಗೆ ಬಂದ ಪಾಲನ್ನು ಅಧ್ಯಕ್ಷರ ಎಲೆಗೆ ಹಾಕಿದೆ. ಅವರು ಒಂದು ತುತ್ತು ಕಡಿದು, ನಾಲಗೆಯ ಮೇಲಿನ ಕಾಳನ್ನು ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು ನಕ್ಕರು. ನನಗೆ ಉಸಿರು ಬಂತು. ಅಷ್ಟರಲ್ಲಿ ಒಬ್ಬ ಹುಡುಗ ಎದ್ದು, "ಸಾ, ನಂಗೂ ಸಿಕ್ತು!" ಎಂದ. ಪಕ್ಕದವನು, "ಲೇ, ನಂಗೂ ಕಣಲೇ!" ಎಂದ. ಡ್ರಾಯಿಂಗ್ ಮೇಷ್ಟ್ರಿಗೆ ಸಿಕ್ಕಿತು. ಮುಖ್ಯೋಪಾಧ್ಯಾಯರಿಗೆ ಸಿಕ್ಕಿತು. ಪಂಕ್ತಿಯ ಕೊನೆಯಿಂದ ಭೀಮಕ್ಕನ ದನಿ: "ಅಯ್ ಶಿವ್ನೇ, ನನ್ನ ಪಾಲಿನಾಗೂ ಐತಲ್ರೀ! ಎಲ್ಲಾರೂ ರಾಜರಾದ್ರೆ ನಾಳೆ ಕಸ ಯಾರ್ ಗುಡಿಸ್ತಾರೆ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ಸಾವಂತ್ರಮ್ಮನವರತ್ತ ಓಡಿದೆ. ಆಕೆ ಕೈ ಒರೆಸಿಕೊಳ್ಳುತ್ತ ಹೇಳಿದ್ದು ಇಷ್ಟು:

"ಪಂಕ್ತಿಗೆ ಕುಂತ ಮ್ಯಾಲೆ ಒಬ್ರಿಗೊಂದು ಇನ್ನೊಬ್ರಿಗೊಂದು ಇಕ್ಕಿದ್ರೆ ಇಕ್ಕಿದ ಕೈಗೆ ಹುಳ ಬೀಳ್ತಾವೆ ಪಂಡಿತ್ರೇ. ನಮ್ಮವ್ವ ಹೇಳ್ಕೊಟ್ಟಿದ್ದು. ಕೊಯ್ದ ಮ್ಯಾಲೆ ಎಲ್ಲಾಕೂ ಒಂದೊಂದು ಸಿಗಿಸ್ದೆ. ನಿಮ್ಮ ಮೇಷ್ಟ್ರಿಗೆ ಲೆಕ್ಕ ಬರಾಕಿಲ್ವಾ? ಅಷ್ಟು ಜನಾನ ಕರದು ಒಂದೇ ಕಾಳು ಕೊಟ್ಟವ್ರೆ."

ಪಂಕ್ತಿಭೇದ ಮಾಡಬಾರದೆಂಬುದು ಎಳವೆಯಲ್ಲಿ ನನಗೂ ಹೇಳಿಕೊಟ್ಟದ್ದೇ. ಆಕೆ ಅದನ್ನು ಮರೆತಿರಲಿಲ್ಲ, ಅಷ್ಟೇ ವ್ಯತ್ಯಾಸ. ಮೇಷ್ಟರು ಕಾಳನ್ನು ಅಂಗೈಯಲ್ಲಿಟ್ಟುಕೊಂಡು ನಗುತ್ತಿದ್ದರು. ಅವರು ಹಾಗೆ ನಕ್ಕದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಆದರೆ ರಾಜನಾದವನು ಕುಡಿಯಬೇಕು. ಲೋಟ ಒಂದೇ. ಅಧ್ಯಕ್ಷರು ಮೊದಲು ಕುಡಿದರು, "ಲ ರ್ವಾ ಬ್ವಾ!" ಎಂದು ಕೂಗಿದ ಸದ್ದಿಗೆ ಮರದ ಗುಬ್ಬಿಗಳು ಹಾರಿದವು. ಮುಖ್ಯೋಪಾಧ್ಯಾಯರು, ಮಕ್ಕಳು, ಡ್ರಾಯಿಂಗ್ ಮೇಷ್ಟ್ರು. ಆಮೇಲೆ ಚಿಕ್ಕಹನುಮಂತಪ್ಪನವರ ಸರದಿ. ಅವರು ತುಟಿ ತಾಗಿಸಿ ಕುಡಿದಾಗ ಮಕ್ಕಳು ಕೂಗಿದ ಕೂಗು ಅಧ್ಯಕ್ಷರಿಗೆ ಕೂಗಿದ್ದಕ್ಕಿಂತ ದೊಡ್ಡದಿತ್ತು. ಅಧ್ಯಕ್ಷರು ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಎದ್ದು ಹೋದರು. ಮುಂದಿನ ಸರದಿ ನನ್ನದು. ನನ್ನ ನಂತರ ಭೀಮಕ್ಕ, ಕಡೆಗೆ ಸಾವಂತ್ರಮ್ಮ.

ಮೇಷ್ಟರು ಲೋಟವನ್ನು ನನ್ನತ್ತ ನೀಡಿದರು. ಅರ್ಧ ನೀರಿತ್ತು. ನನ್ನ ಕೈ ಮೇಲೆ ಬರಲಿಲ್ಲ. ಬರಬಾರದೆಂದು ನಾನು ಅದಕ್ಕೆ ಹೇಳಿರಲಿಲ್ಲ, ಬರಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ಮೆಲ್ಲನೆ ಲೋಟವನ್ನು ಹಿಂದಕ್ಕೆ ತೆಗೆದು, ಮಕ್ಕಳಿಗೆ ಕಾಣದಂತೆ ಬೆನ್ನ ಹಿಂದೆ ಮರದ ಬುಡಕ್ಕೆ ಬಗ್ಗಿಸಿ, "ನೀರು ಮುಗೀತು ಪಂಡಿತ್ರೇ. ಸಾಕು ಬಿಡ್ರಿ, ಮಕ್ಕಳು ಮನೀಗೆ ಹೋಗ್ಲಿ," ಎಂದರು.

ಮೇಷ್ಟರು ತಮ್ಮ ಸೇವೆಯಲ್ಲಿ ಮಾಡಿದ ಉಪಕಾರಗಳನ್ನು ಈ ಗ್ರಂಥದಲ್ಲಿ ಹಲವರು ಬರೆಯುತ್ತಾರೆ. ನಾನು ಕಂಡ ದೊಡ್ಡ ಉಪಕಾರ ಈ ಸುಳ್ಳು. ಅಷ್ಟು ಮಕ್ಕಳ ಎದುರು ಅವರು ನನ್ನ ಮಾನ ಉಳಿಸಿದರು. ಉಳಿಸಿದ್ದಕ್ಕೆ ಅವರು ಕೊಟ್ಟ ಬೆಲೆಯನ್ನು ನಾನು ಆಗಲೇ ಕಂಡೆ: ನನ್ನ ಹಿಂದೆ ಭೀಮಕ್ಕ ಕಾಳನ್ನು ಮುಷ್ಟಿಯಲ್ಲಿ ಹಿಡಿದು, ಸೆರಗು ಸರಿಪಡಿಸಿಕೊಂಡು, ತನ್ನ ಸರದಿಗೆ ಸಿದ್ಧಳಾಗಿ ನಿಂತಿದ್ದಳು. ನೀರು ಮುಗಿಯಿತೆಂದ ಮೇಲೆ ಸೆರಗು ಬಿಟ್ಟು ಪೊರಕೆ ತೆಗೆದುಕೊಂಡಳು. ಅವಳಿಗೆ ಯಾರೂ ಕೂಗಲಿಲ್ಲ.

ಮುಂದಿನ ಜೂನಿನಲ್ಲಿ ಮೇಷ್ಟರಿಗೆ ಹೊನ್ನಾಳಿಗೆ ವರ್ಗವಾಯಿತು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನಾನು ಹೇಳಲಾರೆ. ಹೊನ್ನಾಳಿಯಲ್ಲಿ ಅವರು ಹೊಳೆಯ ದಂಡೆಯಲ್ಲಿ ರೊಟ್ಟಿ ಹಂಚಿದರು. ಮಕ್ಕಳಿಂದ ಫ್ರೆಂಚಿನಲ್ಲಿ ಶುಭಾಶಯ ಬರೆಸಿ ಸೊಲಾಂಜಮ್ಮನವರಿಗೆ ಪ್ರತಿ ವರ್ಷ ಕಳಿಸಿದರು. 1981ರಲ್ಲಿ ಆ ಲಕೋಟೆ ಹಾಗೆಯೇ ಹಿಂದಿರುಗಿತು. ತಂದುಕೊಟ್ಟ ಅಂಚೆಯ ಬೀರಲಿಂಗಪ್ಪ, ಮೇಲೆ ಒತ್ತಿದ್ದ ಮೊಹರು ತೋರಿಸಿ, "ಏನಂತ ಬರದೈತ್ರೀ ಮೇಷ್ಟ್ರೇ? ಪೋಸ್ಟ್ ಮಾಸ್ತರಿಗೂ ಗೊತ್ತಾಗ್ಲಿಲ್ಲ," ಎಂದನಂತೆ. ಇಡೀ ತಾಲ್ಲೂಕಿನಲ್ಲಿ ಅದನ್ನು ಓದಬಲ್ಲವರು ಅವರೊಬ್ಬರೇ. ಓದಿ ಹೇಳಿದರು: "ಈ ಮನೇಲಿ ಈಗ ಇಲ್ಲ ಅಂತ." ಅಂದಿನಿಂದ ಎತ್ತಿಟ್ಟ ಪಾಲು ಯಾರದೆಂದು ಅವರ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಆಮೇಲಿನ ವರ್ಷಗಳ ಬಗ್ಗೆ ಬರೆಯಲು ಹೆಚ್ಚಿಗೆ ಇಲ್ಲ. 1984ರಲ್ಲಿ ಚನ್ನಗಿರಿಗೆ ಬಂದರು. ಶನಿವಾರದ ಪಾಠಕ್ಕೆ ಹದಿನೈದು ಜನ ಬರುತ್ತಿದ್ದವರು ಆರಾದರು, ಆರು ಎರಡಾಯಿತು. ಶಾಲೆ ಬಿಟ್ಟೊಡನೆ ಮಕ್ಕಳು ಟೀವಿ ಇದ್ದ ಮನೆಗಳಿಗೆ ಹೋಗತೊಡಗಿದರು. ಒಂದು ಶನಿವಾರ ಯಾರೂ ಬಾರದಿದ್ದಾಗ ಅವರು ಬೇವಿನ ಮರದ ಕೆಳಗೆ ಒಂದು ಗಂಟೆ ಪೂರ್ತಿ ಕೂತು, ಹಲಗೆ ಒರೆಸಿ ಮನೆಗೆ ಹೋದರೆಂದು ಕೇಳಿದ್ದೇನೆ. ಪಾಠ ನಿಲ್ಲಿಸಿಬಿಡಿ, ದಣಿದಿದ್ದೀರಿ ಎಂದು ನಾನು ಕಾಗದ ಬರೆದೆ. "ದಣಿವು ಹೌದು. ಆದರೆ ಕೂತೇ ಇರುವ ಕೆಲಸವಲ್ಲವೇ," ಎಂದು ಉತ್ತರಿಸಿದರು.

ಈ ವರ್ಷ, ಅವರ ನಿವೃತ್ತಿಗೆ ಮುನ್ನಿನ ಕಡೆಯ ಜನವರಿಯಲ್ಲಿ, ನಾನು ಅವರ ಮನೆಗೆ ಹೋದೆ. ಹನ್ನೊಂದು ವರ್ಷ ಹೋಗಲಾರದವನು ಹೋದೆ. ಒಬ್ಬನೇ ಹೋಗಲು ಮುಖವಿಲ್ಲದೆ ನ್ಯಾಮತಿಯ ಕೇರಿಗೆ ಹೋಗಿ ಭೀಮಕ್ಕನನ್ನು ಕರೆದೆ. ಅವಳಿಗೂ ಈಗ ವಯಸ್ಸಾಗಿ ಮಂಡಿ ನೋವು. "ಯಾಕ್ರೀ ಪಂಡಿತ್ರೇ, ಈಗ ನೆಪ್ಪಾತಾ?" ಎಂದಳು, ಆದರೂ ಬಂದಳು. ಬಸ್ಸಿನಲ್ಲಿ ಅವಳ ಮಡಿಲಲ್ಲಿ ಒಂದು ಗಂಟಿತ್ತು.

ಮನೆಯಲ್ಲಿ ನಾವು ನಾಲ್ವರೇ: ಮೇಷ್ಟರು, ಅಂತರಘಟ್ಟಮ್ಮನವರು, ಭೀಮಕ್ಕ, ನಾನು. ಭೀಮಕ್ಕ ಗಂಟು ಬಿಚ್ಚಿದಳು; ಅವರೆಕಾಯಿ. "ಅವತ್ತಿನ ಕಾಳು ಮೇಷ್ಟ್ರೇ. ಸಾವಂತ್ರಮ್ಮ ಆಮ್ಯಾಲೆ ಸಿಗಿಸಿದ್ದಲ್ಲಾ, ಬೆಂದಿರ್ಲಿಲ್ಲ. ರಾಜನ ಕಾಳು ಮುಕ್ಕಿ ಮುಗಿಸಾಕಾಗ್ತೈತಾ? ಹಿತ್ತಲಾಗೆ ಊರಿದ್ದೆ. ಹನ್ನೊಂದು ವರ್ಷದಿಂದ ಸಾರಿಗೆ ಅದೇಯ." ಮೇಷ್ಟರು ಒಂದು ಕಾಯಿ ಸುಲಿದು, ಕಾಳನ್ನು ಬಹಳ ಹೊತ್ತು ನೋಡಿದರು. ಅಂತರಘಟ್ಟಮ್ಮನವರು ಅದನ್ನೇ ಹೂರಣದೊಳಗೆ ಇಟ್ಟರು.

ರೊಟ್ಟಿಯನ್ನು ಐದು ಪಾಲು ಮಾಡಿದರು. ನಾಲ್ವರೂ ತಿಂದೆವು, ಕಾಳು ಯಾರಿಗೂ ಸಿಗಲಿಲ್ಲ. "ಈ ಸಲಾನೂ ಆರ್ಸಿ ಬಿಸಾಕ್ದೆಯೇನೇ?" ಎಂದು ಮೇಷ್ಟರು ಕೇಳಿದರು. "ನಿಮ್ಮ ಮಾತಿಗೇನು, ಅದ್ರಾಗೈತೆ," ಎಂದು ಆಕೆ ಎತ್ತಿಟ್ಟ ಪಾಲನ್ನು ತೋರಿಸಿದರು. ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಈ ವರ್ಷ ಚನ್ನಗಿರಿಗೂ ರಾಜನಿರಲಿಲ್ಲ.

ಕಿಟಕಿಯಲ್ಲಿ ನೀಲಿ ಲೋಟವಿತ್ತು. "ರಾಜ ಇಲ್ಲದಿದ್ದರೆ ನೀರು ಕುಡಿಯಬಹುದೇ?" ಎಂದು ನಾನು ಕೇಳಿದೆ. ಮೇಷ್ಟರು ನನ್ನ ಮುಖ ನೋಡಿದರು, ಅಂದು ನೋಡಿದಂತೆಯೇ. "ಬಾಯಾರಿದೋರು ಕುಡೀಬೋದು ಪಂಡಿತ್ರೇ," ಎಂದು ಲೋಟ ತುಂಬಿ ನನಗೆ ನೀಡಿದರು. ನಾನು ಅದನ್ನು ಭೀಮಕ್ಕನಿಗೆ ಕೊಟ್ಟೆ. ಅವಳು ನಮ್ಮ ಮೂವರನ್ನೂ ಒಮ್ಮೆ ನೋಡಿ, ಸೆರಗು ಸರಿಪಡಿಸಿಕೊಂಡು ಕುಡಿದಳು. "ಕೂಗ್ರಿ ಮತ್ತೆ," ಎಂದಳು. ಮೂರು ಮುದಿ ದನಿಗಳು ಕೂಗಿದವು. ಪಕ್ಕದ ಮನೆಗೂ ಕೇಳಿಸಿರಲಾರದು. ಅವಳ ಕೈಯಿಂದ ಲೋಟ ತೆಗೆದುಕೊಂಡು, ಉಳಿದದ್ದನ್ನು ನಾನು ಕುಡಿದೆ. ನನಗೆ ಯಾರೂ ಕೂಗಲಿಲ್ಲ, ಕೂಗಬೇಕಾದದ್ದೂ ಇರಲಿಲ್ಲ.

ಮೇಷ್ಟರಿಗೂ ಅಂತರಘಟ್ಟಮ್ಮನವರಿಗೂ ಪರಮಾತ್ಮನು ಆಯುಸ್ಸನ್ನೂ ಮಂಡಿಯಲ್ಲಿ ಬಲವನ್ನೂ ಕೊಡಲಿ. ನಿವೃತ್ತಿಯ ನಂತರ ಅವರು ಉಬ್ರಾಣಿಗೆ ಹಿಂದಿರುಗುವರಂತೆ; ಅಲ್ಲಿಯೂ ಶನಿವಾರಗಳು ಬರುತ್ತವೆ, ಒಂದು ಮರ ಇದ್ದೇ ಇರುತ್ತದೆ. ಯಾರಾದರೂ ಬರಲಿ, ಬಾರದೆ ಇರಲಿ, ಅವರು ಹಲಗೆ ಹಿಡಿದು ಕೂರಲಿ. ಭೀಮಕ್ಕ ಬಿತ್ತಕ್ಕೆಂದು ಒಂದು ಹಿಡಿ ಕಾಳು ಅವರಿಗೆ ಕೊಟ್ಟಿದ್ದಾಳೆ. ಒಂದು ಹಿಡಿ ನನಗೂ. ನಮ್ಮ ಹಿತ್ತಲಿನಲ್ಲಿ ಅವು ಮೊಳೆತಿವೆ. ಹೊರಗಿನ ಗೂಡು ಈಗ ಖಾಲಿಯಿದೆ. ಮೇಷ್ಟರು ನ್ಯಾಮತಿಯ ಕಡೆ ಬಂದಾಗ ಜಗಲಿಯಲ್ಲಿ ನಿಲ್ಲದೆ ಒಳಗೆ ಬರಬೇಕೆಂದು ಈ ಗ್ರಂಥದ ಮೂಲಕ, ಎಲ್ಲರೂ ಓದುವಂತೆ, ಕೇಳಿಕೊಳ್ಳುತ್ತೇನೆ. ನೀರು ಮುಗಿದಿಲ್ಲ.